ಕಾಣದ ಕಣಕ್ಕೆ ಅಳತೆಗಾರ್ತಿ

ಊರಿನ್ನೂ ಕಣ್ಣುಜ್ಜಿಕೊಳ್ಳುವ ಹೊತ್ತಿಗೆ ಆಕೆ ನೆಲದಡಿಯ ಸುರಂಗಕ್ಕೆ ಇಳಿದಾಗಿದೆ. ಮೊಬೈಲು, ಬೀಗದ ಕೈ, ಬಳೆ ಎಲ್ಲವನ್ನೂ ಮೇಲೆಯೇ ಬಿಟ್ಟು ಬಂದಿದ್ದಾರೆ. ಬೀರುವಿನಷ್ಟು ಎತ್ತರದ ಅಯಸ್ಕಾಂತದ ಪಕ್ಕ ಮಂಡಿಯೂರಿ, ಪೆನ್ಸಿಲ್ ಗಾತ್ರದ ಅಳತೆಕಡ್ಡಿಯನ್ನು ಅದರ ಸಂದಿಗೆ ತೂರಿಸಿ, ಸುಮ್ಮನೆ ಕೂರುತ್ತಾರೆ. "ಕಡ್ಡಿ ತಣ್ಣಗಾಗ್ಬೇಕು. ಅವಸರ ಮಾಡಿದ್ರೆ ಸುಳ್ಳು ಹೇಳುತ್ತೆ."

ಜೊತೆಯವರಿಗೆಲ್ಲ ಆಕೆ 'ಅಳತೆ ಅಕ್ಕ'. ಅಂಗಡಿಗಳ ತಕ್ಕಡಿ ರಿಪೇರಿ ಮಾಡುವ ಶೆಡ್ಡಿನಲ್ಲಿ ಕೈ ಪಳಗಿಸಿದವರು. ಈಗ ಕಣಗಳನ್ನು ಡಿಕ್ಕಿ ಹೊಡೆಸುವ ಈ ಯಂತ್ರದಲ್ಲಿ ದಿನಕ್ಕೆ ಹತ್ತು-ಹನ್ನೆರಡು ಅಯಸ್ಕಾಂತಗಳ ಬಲ ಅಳೆಯುತ್ತಾರೆ. ಅದರಿಂದ ಡಿಕ್ಕಿಯ ಶಕ್ತಿ ತಿಳಿಯುತ್ತದೆ, ಶಕ್ತಿಯಿಂದ ಕಣದ ತೂಕ. ಮನೆಯಲ್ಲಿ ಅತ್ತೆಯದು ದಿನವೂ ಒಂದೇ ಅಣಕ: "ಮದುವೆಯಾಗಿ ಬಂದಾಗ್ಲಿಂದ ಅಳೀತಾನೇ ಇದೀಯ. ಆ ಮ್ಯಾಗ್ನೆಟ್ ಏನು ದಿನಾ ಬೆಳೆಯುತ್ತೇನೇ?" "ಬೆಳೆಯಲ್ಲ ಅತ್ತೆ, ಆದ್ರೆ ಇವತ್ತಿದ್ದ ಹಾಗೆ ನಾಳೆ ಇರಲ್ಲ. ನಿಮ್ಮ ಮೂಡಿನ ಹಾಗೆ."

ಇಷ್ಟೆಲ್ಲ ಪಾಡು ಯಾಕೆ? ಸೂಪರ್‌ಸಿಮೆಟ್ರಿ ಎಂಬ ವಾದದ ಪ್ರಕಾರ ನಮಗೆ ಗೊತ್ತಿರುವ ಪ್ರತಿ ಕಣಕ್ಕೂ ಕಾಣದ ಜೋಡಿಯೊಂದಿದೆ. ಆ ಜೋಡಿ ನೇರವಾಗಿ ಸಿಗದಿದ್ದರೂ, ಗೊತ್ತಿರುವ ಕಣದ ತೂಕವನ್ನು ಇಷ್ಟೇ ಇಷ್ಟು ಆಚೀಚೆ ಮಾಡಬೇಕು. ಹಾಗಾಗಿ ಅಳತೆ ತುಸುವೇ ತಪ್ಪಿದರೂ ಇಲ್ಲದ್ದು ಇದ್ದಂತೆ ಕಂಡೀತು. ಇಲ್ಲೊಂದು ಕಟ್ಟುನಿಟ್ಟು ಪದ್ಧತಿಯಿದೆ. ಅಳತೆಯವರು 'ಮುಗೀತು' ಅನ್ನುವ ತನಕ ಕಂಪ್ಯೂಟರ್ ಉತ್ತರವನ್ನು, ಅಂದರೆ ಕಣದ ತೂಕವನ್ನು, ಮುಚ್ಚಿಟ್ಟಿರುತ್ತದೆ; ತೆರೆದ ಮೇಲೆ ಯಾವ ಅಂಕಿಯನ್ನೂ ಮುಟ್ಟುವಂತಿಲ್ಲ.

ಕಳೆದ ತಿಂಗಳು ಉತ್ತರ ತೆರೆಯಲು ಎಲ್ಲರೂ ಸೇರಿದ್ದರು. ಅಕ್ಕ ಮಾತ್ರ 'ಮುಗೀತು' ಅನ್ನಲಿಲ್ಲ. ಅಯಸ್ಕಾಂತಗಳ ಕೊನೆಯ ಸಾಲಿನಲ್ಲಿ ಕಡ್ಡಿಯನ್ನು ಕೋಟಿನ ಜೇಬಿನಿಂದ ತೆಗೆದು, ಕಾಯದೆ ಅಳೆದದ್ದು ಆಗ ನೆನಪಾಗಿತ್ತು. ಮೈಶಾಖಕ್ಕೆ ಬೆಚ್ಚಗಾದ ಕಡ್ಡಿ! "ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ನಂಗೆ ಗೊತ್ತಿತ್ತಲ್ಲ?" ಜೋಡಿ ಕಣಗಳ ಲೆಕ್ಕಾಚಾರದಲ್ಲೇ ತಲೆ ನರೆಸಿಕೊಂಡ ಪ್ರೊಫೆಸರು ಸಿಡುಕಲಿಲ್ಲ. "ಕಾಯೋದು ನಮಗೇನು ಹೊಸದಮ್ಮ? ಹೋಗಿ, ಮತ್ತೆ ಅಳೆದು ಬನ್ನಿ," ಎಂದರು.

ಇಡೀ ಸಾಲನ್ನು ಮತ್ತೆ ಅಳೆದಾಯಿತು. ಉತ್ತರ ತೆರೆದಾಗ ಕಣದ ತೂಕ ಜೋಡಿ ಕಣಗಳಿಲ್ಲದ ಹಳೆಯ ಸಿದ್ಧಾಂತ ಹೇಳಿದಲ್ಲೇ ನಿಂತಿತ್ತು. ಪ್ರೊಫೆಸರು ಕಟ್ಟಿದ ಜೋಡಿ ಕಣಗಳ ಮಾದರಿಗೆ ಕಾಲಿಡಲೂ ಜಾಗವಿರಲಿಲ್ಲ. ಅವರು ಅಕ್ಕನ ಕಡೆ ತಿರುಗಿ, "ಅಳತೆ ಸರಿ ಇದೆಯಾ?" ಎಂದರು.

"ಇದೆ ಸರ್."

"ಹಾಗಾದ್ರೆ ನನ್ನ ಮಾದರಿ ಸರಿಯಿಲ್ಲ, ಬಿಡಿ." ನಕ್ಕರು, ಕಣ್ಣು ಒದ್ದೆಯಾಗಿತ್ತು. ಅಕ್ಕನಿಗೂ ಸಂಕಟವಾಯಿತು.

ಆ ದಿನ ನೆನೆದಾಗ ಆಕೆ ಕಡ್ಡಿ ಒರೆಸುವ ಕೈ ನಿಲ್ಲಿಸುತ್ತಾರೆ. "ಜೀವಮಾನದ ಕೆಲ್ಸ ಕಣ್ಣೆದುರೇ ಮಗುಚಿ ಬಿತ್ತು ಅವರಿಗೆ. ಆದ್ರೂ ನೋಡಿ, ಅಳತೆ ಸರಿ ಇದೆಯಾ ಅಂತ ಎರಡನೇ ಸಲ ಕೇಳ್ಲಿಲ್ಲ."