ಇಬ್ಬರು ಸಿಸ್ಟರುಗಳ ನಡುವೆ ಒಬ್ಬ ಆಯಮ್ಮ

ಬೆಳಗಿನ ಆರು ಗಂಟೆ. ಗಂಡಸರ ವಾರ್ಡಿನ ಮೇಜಿನ ಈಚೆಗೆ ರಾತ್ರಿ ಪಾಳಿ ಮುಗಿಸಿದ ಹಿರಿಯ ಸಿಸ್ಟರ್, ಆಚೆಗೆ ಹಗಲು ಪಾಳಿಯ ಹಿರಿಯ ಸಿಸ್ಟರ್. ನಡುವೆ ನೆಲ ಒರೆಸುವ ಕೋಲು ಹಿಡಿದ ಆಯಮ್ಮ.

"ಆಯಮ್ಮ, ಹನ್ನೊಂದನೇ ಬೆಡ್‌ಗೆ ನೀರು ಕೊಡಬಾರದು ಅಂತ ಅವರಿಗೆ ಹೇಳಿ. ಕಿವಿ ಇದ್ರೆ ಕೇಳಿಸ್ಕೊಳ್ಲಿ," ಎನ್ನುತ್ತಾರೆ ರಾತ್ರಿಯವರು, ಕಿಟಕಿ ನೋಡುತ್ತಾ.

"ಸಿಸ್ಟರ್, ಹನ್ನೊಂದಕ್ಕೆ ನೀರು ಕೊಡಬಾರ್ದಂತೆ," ಎಂದು ಆಯಮ್ಮ ಮೂರಡಿ ಆಚೆಗೆ ಮಾತು ಮುಟ್ಟಿಸುತ್ತಾರೆ. ಕೊಂಕನ್ನು ಮಾತ್ರ ತಮ್ಮ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ.

ಈ ಇಬ್ಬರೂ ಮಾತು ಬಿಟ್ಟು ಆರು ವರ್ಷ. ಒಂದು ಭಾನುವಾರದ ರಜೆ ಯಾರಿಗೆ ಎಂಬಲ್ಲಿ ಶುರುವಾದ ಮನಸ್ತಾಪ, ಅಷ್ಟೇ. ಪಾಳಿ ಮುಗಿದಾಗ ವಾರ್ಡಿನ ಪುಸ್ತಕದಲ್ಲಿ ಎಲ್ಲ ಬರೆದಿಡುತ್ತಾರೆ, ನಿಜ. ಆದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕಣ್ಣೆತ್ತಿಯೂ ನೋಡುವುದಿಲ್ಲ. ಹಾಗಾಗಿ ಇಪ್ಪತ್ತನಾಲ್ಕು ಹಾಸಿಗೆಗಳ ಸುದ್ದಿ, ದಿನಕ್ಕೆರಡು ಸಲ, ನಾಲ್ಕನೇ ತರಗತಿಗೇ ಶಾಲೆ ಬಿಟ್ಟ ಆಯಮ್ಮನ ತಲೆಯೊಳಗಿಂದಲೇ ಹಾದುಹೋಗಬೇಕು. ಗಂಡ ಇದೇ ವಾರ್ಡಿನಲ್ಲಿ ತೀರಿಕೊಂಡ ಮೇಲೆ ಗುತ್ತಿಗೆ ಕೆಲಸಕ್ಕೆ ಸೇರಿದವರು ಅವರು, ಹದಿನೇಳು ವರ್ಷವಾಯಿತು. ಬೆಳಗ್ಗೆ ಐದೂವರೆಗೆ ಬಂದರೆ ಹೊರಡುವುದು ಸಂಜೆ ಆರೂವರೆಗೆ.

ಮೂರು ತಿಂಗಳ ಹಿಂದೆ ಆಯಮ್ಮನಿಗೆ ಜ್ವರ ಬಂದು ಒಂದು ದಿನ ಏಳಲಾಗಲಿಲ್ಲ. ಒಂಬತ್ತನೇ ಹಾಸಿಗೆಯ ಮೇಷ್ಟರಿಗೆ ಒಂದು ಇಂಜೆಕ್ಷನ್ ಒಗ್ಗುವುದಿಲ್ಲ ಎಂದು ರಾತ್ರಿಯವರು ಬರೆದಿಟ್ಟು ಹೋಗಿದ್ದರು. ಹಗಲಿನವರು ಓದಲಿಲ್ಲ, ಅದನ್ನೇ ಕೊಟ್ಟರು. ಕಾಲು ಗಂಟೆಯಲ್ಲಿ ಮೇಷ್ಟರ ಮುಖ ಊದಿ ಉಸಿರು ಕಟ್ಟಿತು. ನಾಲ್ಕು ದಿನ ಸಾವಿನ ಬಾಯಲ್ಲಿದ್ದು ಹೇಗೋ ಉಳಿದುಕೊಂಡರು.

ವಿಚಾರಣೆ ನಡೆಯಿತು. ಆರು ವರ್ಷದಲ್ಲಿ ಮೊದಲ ಸಲ ಇಬ್ಬರು ಸಿಸ್ಟರುಗಳೂ ಒಂದೇ ಮಾತು ಆಡಿದರು: "ಅವತ್ತು ಆಯಮ್ಮ ಬಂದಿರಲಿಲ್ಲ."

ಹೇಳದೆ ಕೇಳದೆ ರಜೆ ಹಾಕಿದ್ದಕ್ಕೆ ಆಯಮ್ಮನಿಗೆ ನೋಟಿಸು ಬಂತು. ಇನ್ನೊಂದು ದಿನ ತಪ್ಪಿಸಿದರೆ ಕೆಲಸವಿಲ್ಲ. ಸಿಸ್ಟರುಗಳಿಗೆ ಬಂದದ್ದು, ಸಹೋದ್ಯೋಗಿಗಳೊಡನೆ ಮಾತಾಡುವುದು ಹೇಗೆಂಬ ಎರಡು ದಿನದ ತರಬೇತಿ. ಕುರ್ಚಿ ಜೋಡಿಸಿದವರು ಆಯಮ್ಮ. ಗುತ್ತಿಗೆಯವರಿಗೆ ಒಳಗೆ ಕೂರಲು ಅವಕಾಶವಿರಲಿಲ್ಲ. ಇಬ್ಬರೂ ಹಲ್ಲು ಕಿರಿದು ಕೈಕುಲುಕಿದ ಫೋಟೊ ಈಗಲೂ ನೋಟಿಸ್ ಬೋರ್ಡಿನಲ್ಲಿದೆ. ತರಬೇತಿ ಮುಗಿದ ಮರುದಿನ ಬೆಳಗ್ಗೆ ಆರಕ್ಕೆ ಮತ್ತೆ ಅದೇ ರಾಗ: "ಆಯಮ್ಮ, ಅವರಿಗೆ ಹೇಳಿ."

ಬಾಯಿ ಮುಚ್ಚಿಕೊಂಡು ನೆಲ ಒರೆಸಿಕೊಂಡಿರಿ, ಆಗಲಾದರೂ ಅವರಿಬ್ಬರಿಗೆ ಬುದ್ಧಿ ಬರಲಿ ಎಂದು ಜೊತೆಯವರು ಹೇಳಿಕೊಡುತ್ತಾರೆ. ಆಯಮ್ಮನಿಗೂ ಹಾಗೆ ಅನ್ನಿಸದೆ ಇಲ್ಲ. "ಆದ್ರೆ ಬುದ್ಧಿ ಬರೋದು ಅವರಿಗೆ, ಉಸಿರು ಹೋಗೋದು ಮಲಗಿರೋರ್ದು," ಎನ್ನುತ್ತಾರೆ. ಮೊದಲೆಲ್ಲ ವಾರದ ರಜೆಯ ದಿನ ಈ ಮಾತು ಮುಟ್ಟಿಸುವ ಕೆಲಸವನ್ನು ಜೊತೆಯ ಒಬ್ಬರಿಗೆ ಒಪ್ಪಿಸಿ ಹೋಗುತ್ತಿದ್ದರು. ಈ ಮೂರು ತಿಂಗಳಲ್ಲಿ ಆ ರಜೆಯನ್ನೂ ತೆಗೆದುಕೊಂಡಿಲ್ಲ. ಮೊನ್ನೆ ಮತ್ತೆ ಜ್ವರ ಬಂದಾಗಲೂ ಮಾತ್ರೆ ನುಂಗಿ ಬಂದು ಗೋಡೆಗೆ ಒರಗಿ ನಿಂತಿದ್ದರು.

ಏನಾಗಬೇಕು ನಿಮಗೆ ಎಂದು ಕೇಳಿದರೆ ಬಕೆಟ್ಟಿನಲ್ಲಿ ಬಟ್ಟೆ ಹಿಂಡಿ ಕೋಲಿಗೆ ಸುತ್ತುತ್ತಾರೆ.

"ಅವರು ಗೆಳತಿಯರಾಗ್ಲಿ ಅಂತ ನಾನೇನೂ ಕೇಳಲ್ಲ. ಎದುರುಬದುರು ನಿಂತು, ಗಂಟಲು ಹರಿಯೋ ಹಾಗೆ ಜಗಳ ಆಡ್ಲಿ. ಬೈಯೋದಕ್ಕಾದ್ರೂ ಒಬ್ರು ಇನ್ನೊಬ್ರ ಜೊತೆ ಮಾತಾಡ್ಬೇಕಲ್ಲ."