ಹಂದಿಯ ಹಿಂದೆ ಏನಿದೆ

ಬಸಲಿಂಗಪ್ಪನವರು ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಏಳುತ್ತಾರೆ. ಟೆಕ್ಸಸ್‌ನ ಪ್ಲೇನೋದಲ್ಲಿರುವ ಮಣ್ಣು ಪರೀಕ್ಷೆಯ ಲ್ಯಾಬಿಗೆ ಎಂಟರೊಳಗೆ ತಲುಪಬೇಕು. ಅದಕ್ಕೂ ಮೊದಲು, ಪ್ರಾಸ್ಪರ್‌ನಿಂದ ಉತ್ತರಕ್ಕಿರುವ ತಮ್ಮ ಹದಿನೆಂಟು ಎಕರೆಯನ್ನು ಒಂದು ಸುತ್ತು ನಡೆದು, ಕತ್ತಲಲ್ಲಿ ಹಂದಿಗಳು ಎಲ್ಲೆಲ್ಲಿ ಬೇಲಿ ನುಗ್ಗಿವೆ ಎಂದು ನೋಡಬೇಕು. ವಯಸ್ಸು ಐವತ್ತೊಂಬತ್ತು. ಬಲಭುಜಕ್ಕೆ ಎರಡು ವರ್ಷದ ಹಿಂದೆ ಆಪರೇಷನ್ ಆಗಿದೆ. ನಡೆಯುವಾಗ ಆ ಕೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡೇ ನಡೆಯುತ್ತಾರೆ.

ಅವರ ಊರು ನವಲಗುಂದದ ಕಡೆ. ಡಲ್ಲಾಸ್ ಸುತ್ತಲಿನ ಕಪ್ಪು ಮಣ್ಣಿನ ಬಗ್ಗೆ ಅವರು ಇಪ್ಪತ್ತೆಂಟು ವರ್ಷಗಳಿಂದ ವರದಿ ಬರೆಯುತ್ತಿದ್ದಾರೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮನೆಯ ಅಡಿಪಾಯ ಸೀಳುತ್ತದೆ. ವರದಿಯಲ್ಲಿ ಅದು ಸಮಸ್ಯೆ. ಅವರ ಕಣ್ಣಿಗೆ ಅದು ಊರಿನ ಎರೆ ಭೂಮಿ. ಎಂಟು ವರ್ಷದ ಹಿಂದೆ ಒಂದು ಹಳೆಯ ಮನೆಯ ಸಮೇತ ಈ ಜಮೀನು ಕೊಂಡು, ನಾಲ್ಕು ಎಕರೆಗೆ ರೊಟ್ಟಿಗಾಗುವ ಬಿಳಿಜೋಳ ಬಿತ್ತಿದರು. ಮೂರು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ ಕಾಳು ಹಾಲುಗಟ್ಟಿದಾಗ, ಸುತ್ತಲಿನ ಫ್ರಿಸ್ಕೋ ಮತ್ತು ಮೆಕಿನ್ನಿಯಿಂದ ಅರವತ್ತು ಜನ ಕನ್ನಡಿಗರು ಸೀತನಿ ತಿನ್ನಲು ಬಂದಿದ್ದರು. ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ಉಜ್ಜಿ, ಬಿಸಿ ಕಾಳಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದರು. ಹೋಗುವಾಗ ಎಲ್ಲರೂ ಮುಂದಿನ ವರ್ಷಕ್ಕೂ ಹೇಳಿ ಹೋದರು.

ಮುಂದಿನ ವರ್ಷ ಬಂದದ್ದು ಹಂದಿಗಳು. ಟೆಕ್ಸಸ್‌ನಲ್ಲಿ ಕಾಡುಹಂದಿಗೆ ಲೆಕ್ಕವಿಲ್ಲ. ಹಾಲುಗಾಳಿನ ವಾಸನೆಗೆ ಹಳ್ಳದ ಕಡೆಯಿಂದ ಹದಿನಾಲ್ಕು ಹಂದಿಗಳ ಹಿಂಡೊಂದು ಬಂದು, ಹತ್ತು ದಿನದಲ್ಲಿ ನಾಲ್ಕು ಎಕರೆಯನ್ನು ಉರುಳಿಸಿ ಹೋಯಿತು. ಅದರ ಮರುವರ್ಷವೂ ಅಷ್ಟೇ. ತಂತಿ ಕಟ್ಟಿದರು, ಕರೆಂಟ್ ಬಿಟ್ಟರು, ದೊಡ್ಡ ಪಂಜರ ಇಟ್ಟರು. ಪಂಜರದೊಳಗೆ ಪಕ್ಕದವನ ಕರು ಸಿಕ್ಕಿಕೊಂಡಿತು. ಈ ಚಳಿಗಾಲ ಜಮೀನು ಕೇಳಿಕೊಂಡು ಬಿಲ್ಡರ್‌ನ ಎರಡನೆಯ ಪತ್ರ ಬಂದಾಗ ಅವರು ಅದನ್ನು ಹರಿಯದೆ ಫ್ರಿಜ್ ಮೇಲೆ ಇಟ್ಟರು. ಹೆಂಡತಿ ಸುಮಿತ್ರವ್ವನಿಗೆ ಹೇಳಿದ್ದು ಇಷ್ಟೇ.

“ಈ ಸಲಾನೂ ಹೋತಂದ್ರ ಮಾರಿ ಬಿಡೂಣು. ನನ್ನ ಕೈಲಿ ಇನ್ನ ಆಗೂದಿಲ್ಲ.”

ಬಂದೂಕಿನ ಮಾತು ಹೊಸದಲ್ಲ. ಹಿಂದಿನ ವರ್ಷವೇ ಗೆಳೆಯ ಗೋವಿಂದರಾಜು ತನ್ನ ರೈಫಲ್ ತಂದಿದ್ದ. ಮಂಡ್ಯ ಕಡೆಯವನು, ನಲವತ್ತನಾಲ್ಕು ವರ್ಷ, ವಾರವೆಲ್ಲ ಪ್ಲೇನೋದಲ್ಲಿ ಬ್ಯಾಂಕಿನ ಸಾಫ್ಟ್‌ವೇರ್, ಶನಿವಾರ ಮೆಕಿನ್ನಿಯ ಶೂಟಿಂಗ್ ರೇಂಜ್. ತಂದದ್ದು ಸೆಮಿ-ಆಟೊಮ್ಯಾಟಿಕ್, ಒಮ್ಮೆ ಒತ್ತಿದರೆ ಒಂದು ಗುಂಡು, ಮುಂದಿನದು ತಾನಾಗಿಯೇ ಕೂರುತ್ತದೆ. ಕ್ಯಾಲಿಬರ್, ಅಂದರೆ ಗುಂಡಿನ ದಪ್ಪ, ಸಣ್ಣದು: ಟೂ-ಟ್ವೆಂಟಿ-ತ್ರೀ. ಗುಂಡಿನ ತೂಕ ನಾಲ್ಕು ಗ್ರಾಂ ಕೂಡ ಇಲ್ಲ. ಬಸಲಿಂಗಪ್ಪನವರು ಒಂದು ಗಂಡು ಹಂದಿಯ ಭುಜಕ್ಕೆ ಹೊಡೆದರು. ಅಲ್ಲಿ ತೊಗಲು ಗುರಾಣಿಯಷ್ಟು ಗಟ್ಟಿಯಿರುತ್ತದೆ ಎಂದು ಆಗ ಗೊತ್ತಿರಲಿಲ್ಲ. ಹಂದಿ ಬೀಳಲಿಲ್ಲ, ಹಳ್ಳದ ಮುಳ್ಳುಪೊದೆ ಸೇರಿ ಕಿರುಚತೊಡಗಿತು. ಮಧ್ಯಾಹ್ನದವರೆಗೂ ಕಿರುಚಿತು. ಇಬ್ಬರೂ ಹುಡುಕಿದರು, ಸಿಗಲಿಲ್ಲ. ಮೂರನೆಯ ದಿನ ಹದ್ದುಗಳು ತೋರಿಸಿದವು.

ಆ ದಿನ ಸುಮಿತ್ರವ್ವ ರೊಟ್ಟಿ ಬಡಿಯಲಿಲ್ಲ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವರ ಮನೆ ಅದು. ಹೊಲ ಕಾಯಲು ಕೊಲ್ಲಬೇಕಾದರೆ ಕೊಲ್ಲಿ, ತಾನು ಬೇಡ ಎನ್ನುವುದಿಲ್ಲ, ಆದರೆ ಒಂದೇ ಗುಂಡಿಗೆ ಜೀವ ಹೋಗಬೇಕು, ಹೀಗೆ ಒದರಿಸಿ ಒದರಿಸಿ ಅಲ್ಲ ಎಂದರು.

ಗೋವಿಂದರಾಜು ಅದಕ್ಕೂ ಉತ್ತರ ಇಟ್ಟುಕೊಂಡಿದ್ದ. “ಬಸಲಿಂಗಪ್ಪನೋರೇ, ಸಣ್ಣದ್ರಲ್ಲಿ ಹೊಡೆದ್ರೆ ಹಂದಿ ನಿಮ್ಮನ್ನ ನೋಡಿ ನಗುತ್ತೆ ಅಷ್ಟೇ. ದೊಡ್ಡದು, ತ್ರೀ-ಓ-ಎಯ್ಟ್ ತಗೊಳಿ. ಒಂದೇ ಏಟು.”

“ನಗಲಿ ಬಿಡೋ. ಆಫೀಸ್‌ನ್ಯಾಗೂ ನಗ್ತಾರ.”

ಆದರೂ ಏಪ್ರಿಲ್‌ನಲ್ಲಿ, ಜೋಳ ಮೊಣಕಾಲೆತ್ತರ ಬಂದಾಗ, ಇಬ್ಬರೂ ಮೆಕಿನ್ನಿಯ ಒಂದು ಬಂದೂಕಿನ ಅಂಗಡಿಗೆ ಹೋದರು. ಕೌಂಟರ್‌ನಲ್ಲಿದ್ದವರು ಎಪ್ಪತ್ತರ ಆಸುಪಾಸಿನ ಹೆಂಗಸು, ಕನ್ನಡಕ ದಾರದಲ್ಲಿ ಕುತ್ತಿಗೆಗೆ ಜೋತಿತ್ತು. ಎರಡು ರೈಫಲ್ ತೆಗೆದು ಮೇಲಿಟ್ಟರು, ಎರಡರ ಗುಂಡನ್ನೂ ಪಕ್ಕದಲ್ಲಿ ನಿಲ್ಲಿಸಿದರು. ಸಣ್ಣದು ಪೆನ್ಸಿಲಿನ ತುದಿಯಂತಿತ್ತು. ದೊಡ್ಡದರ ತೂಕ ಹತ್ತು ಗ್ರಾಂ. ಆಮೇಲೆ ಆಕೆ ಮೂರು ಪ್ರಶ್ನೆ ಕೇಳಿದರು. ಏನನ್ನು ಹೊಡೆಯುತ್ತೀರಿ? ಹಂದಿ. ಎಷ್ಟು ದೂರದಿಂದ? ಐವತ್ತು ಗಜ, ಹೆಚ್ಚೆಂದರೆ ಎಪ್ಪತ್ತು. ಹಂದಿಯ ಹಿಂದೆ ಏನಿದೆ?

ಬಸಲಿಂಗಪ್ಪನವರು ಮಗಳ ಮನೆ ಎಂದರು.

ಆಕೆ ದೊಡ್ಡ ರೈಫಲನ್ನು ಮತ್ತೆ ಗೋಡೆಗೆ ಏರಿಸಿದರು. ತುಸು ಯೋಚಿಸಿ ಸಣ್ಣದನ್ನೂ ಏರಿಸಿದರು. ಮನೆಗೆ ಹೋಗಿ ನಕ್ಷೆ ಬರೆದುಕೊಂಡು ಬನ್ನಿ ಎಂದರು.

ನಕ್ಷೆ ಬರೆಯುವುದು ಅವರ ಕಸುಬೇ. ಪೂರ್ವಕ್ಕೆ ಹೊಸ ಬಡಾವಣೆ, ಅದರ ಮೊದಲ ಸಾಲಿನಲ್ಲೇ ಮಗಳು ವೈಷ್ಣವಿಯ ಮನೆ, ಹೊಲದ ನಡುವಿನಿಂದ ಐನೂರು ಗಜ. ಆ ಬಡಾವಣೆಯ ಮಣ್ಣನ್ನು ಪರೀಕ್ಷಿಸಿ ಮನೆ ಕಟ್ಟಬಹುದೆಂದು ಬರೆದುಕೊಟ್ಟವರು ಅವರೇ. ದಕ್ಷಿಣಕ್ಕೆ ಶಾಲೆಯ ಬಸ್ಸು ಓಡುವ ರಸ್ತೆ. ಉತ್ತರಕ್ಕೆ ಪಕ್ಕದವನ ದನಗಳು. ಪಶ್ಚಿಮಕ್ಕೆ ಹಳ್ಳ, ಹಳ್ಳದಾಚೆ ಇನ್ನೊಂದು ಬಡಾವಣೆ ಕಟ್ಟುತ್ತಿರುವ ಕೆಲಸಗಾರರು. ಗುಂಡು ತನ್ನ ಬೇಲಿ ದಾಟಬಾರದು ಎಂಬುದು ಇಲ್ಲಿನ ಕಾನೂನು. ಬೇಲಿಯಿಂದ ಬೇಲಿಗೆ ಮುನ್ನೂರು ಗಜ. ಎರಡು ಗುಂಡುಗಳಲ್ಲಿ ಯಾವುದೂ ತಪ್ಪಿ ಹಾರಿದರೆ ಮೈಲಿಯೊಳಗೆ ನಿಲ್ಲುವುದಿಲ್ಲ.

ವೈಷ್ಣವಿಗೆ ಇಬ್ಬರ ಈ ಓಡಾಟ ತಿಳಿಯಿತು. ಅವಳು ಫಿಸಿಯೋಥೆರಪಿಸ್ಟ್; ಅಪ್ಪನ ಭುಜಕ್ಕೆ ವ್ಯಾಯಾಮ ಮಾಡಿಸುವವಳು ಅವಳೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಆ ಭಾನುವಾರ ಭುಜ ತಿರುಗಿಸುತ್ತಲೇ, ಜಗಳದ ದನಿಯಿಲ್ಲದೆ, ಗುಂಡು ಹಂದಿಯನ್ನು ದಾಟಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಉತ್ತರ ಸಿಗುವವರೆಗೆ ತನ್ನ ಎರಡು ವರ್ಷದ ಮಗಳನ್ನು ಹಿತ್ತಿಲಿಗೆ ಬಿಡುವುದಿಲ್ಲ ಎಂದಳು. ಹಿತ್ತಿಲ ಬಾಗಿಲಿಗೆ ಮೇಲಿನ ಚಿಲಕವನ್ನೂ ಹಾಕಿದಳು.

ಮುಂದಿನ ಆರು ವಾರ ಅವರು ಲ್ಯಾಬಿನಿಂದ ಬಂದು, ಊಟದ ಮೇಜಿನ ಮೇಲೆ ಕಾಗದ ಹರಡಿ ಕೂತರು. ಸಣ್ಣ ಗುಂಡು ಬೇಗ ಒಡೆಯುತ್ತದೆ, ಹಂದಿಯ ಆಚೆ ಹೋಗುವುದು ಕಡಿಮೆ. ಆದರೆ ಕಿವಿಯ ಹಿಂದೆ, ಅಂಗೈಯಗಲದ ಜಾಗಕ್ಕೆ ಬೀಳಬೇಕು, ಇಲ್ಲವಾದರೆ ಮತ್ತೆ ಆ ಕಿರುಚಾಟ. ದೊಡ್ಡದು ಎಲ್ಲಿ ತಗುಲಿದರೂ ಬೀಳಿಸುತ್ತದೆ, ಆದರೆ ಹಂದಿಯನ್ನು ದಾಟಿಯೂ ಅದರಲ್ಲಿ ಇನ್ನೊಂದು ಹಂದಿಗಾಗುವಷ್ಟು ಬಲ ಉಳಿದಿರುತ್ತದೆ. ರೇಂಜ್‌ನಲ್ಲಿ ಎರಡನ್ನೂ ಬಾಡಿಗೆಗೆ ಹಿಡಿದು ಹೊಡೆದು ನೋಡಿದರು. ದೊಡ್ಡದರಲ್ಲಿ ಐದು ಗುಂಡು ಹೊಡೆದ ಮೇಲೆ ಎರಡು ದಿನ ಬಲಗೈಯಿಂದ ಅಂಗಿ ತೊಡಲಾಗಲಿಲ್ಲ. ನಡುವಿನದೊಂದಿದೆ, ತ್ರೀ-ಹಂಡ್ರೆಡ್ ಬ್ಲ್ಯಾಕ್‌ಔಟ್ ಎಂದು, ಅದಾದರೆ ಹೇಗೆ ಎಂದು ಗೋವಿಂದರಾಜುವನ್ನು ಕೇಳಿದರು.

“ಅದು ಇಡ್ಲಿನೂ ಅಲ್ಲ, ದೋಸೆನೂ ಅಲ್ಲ ಸಾರ್,” ಎಂದ ಅವನು.

ಜೋಳ ತೆನೆ ಕಟ್ಟಿತು. ಮೇ ಕೊನೆಯ ವಾರದಲ್ಲಿ ಬೇಲಿಯ ಬುಡದಲ್ಲಿ ಮೊದಲ ಗೊರಸಿನ ಗುರುತು ಕಂಡಿತು. ಆ ಸಂಜೆ ಸುಮಿತ್ರವ್ವ ಮೇಜಿನ ಮೇಲೆ ಚಹಾ ಇಡಲು ಜಾಗವಿಲ್ಲದೆ ಕಾಗದ ಸರಿಸಿ, ಅದರಲ್ಲಿ ಏನು ಬರೆದಿದ್ದೀರಿ ಎಂದು ಕೇಳಿದರು. ಅವರು ವಿವರಿಸಿದರು. ನಾಲ್ಕು ದಿಕ್ಕು, ಎರಡು ಗುಂಡು, ಮೈಲಿ ದೂರ. ಆಕೆ ಪೂರ್ತಿ ಕೇಳಿದರು.

“ನೆಲದ ಮ್ಯಾಲ ನಿಂತು ಜ್ವಾಳಾ ಕಾಯೂದು ಯಾವ ಊರಾಗ ನೋಡೀರಿ? ಮಂಚಿಗಿ ಕಟ್ರಿ.”

ಮಂಚಿಗಿ ಎಂದರೆ ಊರ ಕಡೆ ಜೋಳದ ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಕಟ್ಟುವ ಅಟ್ಟಣೆ. ಅದರ ಮೇಲೆ ನಿಂತು ಕವಣೆ ಬೀಸುತ್ತಾರೆ. ಅದು ಹಕ್ಕಿ ಓಡಿಸುವುದಕ್ಕೆ, ಹಂದಿಗಲ್ಲ ಎಂದರು ಬಸಲಿಂಗಪ್ಪ.

“ಮ್ಯಾಲಿಂದ ಹೊಡದ್ರ ಗುಂಡು ಎಲ್ಲಿಗಿ ಹೊಕ್ಕೈತ್ರಿ? ನೆಲಕ್ಕ ಅಲ್ಲೇನು? ಇಷ್ಟ ವರ್ಷ ಮಣ್ಣು ಜರಡಿ ಹಿಡದೀರಿ, ಇದು ಹೊಳೀಲಿಲ್ಲ?”

ಅವರು ಪೆನ್ಸಿಲ್ ತೆಗೆದುಕೊಂಡರು. ಹದಿನಾಲ್ಕು ಅಡಿ ಎತ್ತರ, ಹಂದಿ ಮೂವತ್ತು ಗಜದೊಳಗೆ. ದಾಟಿದ ಗುಂಡು ಹಂದಿಯಿಂದ ಮೂರು ಗಜ ಆಚೆ, ಉತ್ತ ಎರೆ ಮಣ್ಣಿಗೆ ಇಳಿಯುತ್ತದೆ. ಎರಡೂ ಗುಂಡಿಗೆ ಲೆಕ್ಕ ಒಂದೇ. ಆರು ವಾರ ಅವರು ಗುಂಡಿನ ದಪ್ಪ ಅಳೆದಿದ್ದರು. ಅಳೆಯಬೇಕಾಗಿದ್ದದ್ದು ತಾವು ನಿಲ್ಲುವ ಎತ್ತರವನ್ನು. ಚಹಾ ಆರಿಹೋಗಿತ್ತು. ಹಾಗೆಯೇ ಕುಡಿದರು.

ಮುಂದಿನ ಶನಿವಾರ, ಭಾನುವಾರ ಸೇರಿ ಹಳ್ಳದ ಕಡೆಯ ಬೇಲಿಯ ಹತ್ತಿರ ಅಟ್ಟಣೆ ಎದ್ದಿತು. ಗೋವಿಂದರಾಜು ಕಂಬ ಹೊತ್ತ. ಬೆನ್ನು ನೋಯುತ್ತಿದೆ, ಇದಕ್ಕಿಂತ ಹಂದಿಗೇ ಹೊಲ ಬರೆದುಕೊಡಿ ಎಂದು ದಿನವಿಡೀ ಗೊಣಗಿದ. ಬಸಲಿಂಗಪ್ಪನವರು ಮೇಲೆ ಕೂತು, ಅಟ್ಟಣೆಯಿಂದ ಮೂವತ್ತು ಗಜ ದೂರಕ್ಕೆ ಸುತ್ತ ಗೂಟ ನೆಡಿಸಿದರು. ಗೂಟದ ಈಚೆಗೆ ಬಂದರೆ ಮಾತ್ರ ಗುಂಡು. ಆಚೆ ನಿಂತದ್ದು ಎಷ್ಟೇ ದೊಡ್ಡದಿರಲಿ, ನೋಡುತ್ತ ಕೂರಬೇಕು. ಸೋಮವಾರ ಅಂಗಡಿಗೆ ಹೋಗಿ ಹೊಸ ನಕ್ಷೆ ತೋರಿಸಿದರು. ಕನ್ನಡಕ ಏರಿಸಿಕೊಂಡು ನೋಡಿದ ಆಕೆ ದೊಡ್ಡ ರೈಫಲನ್ನು ಇಳಿಸಿದರು. ಭುಜದ ನೋವು ಗೊತ್ತಿದ್ದೂ ಅವರು ತ್ರೀ-ಓ-ಎಯ್ಟ್ ಅನ್ನೇ ಕೊಂಡರು. ನೋವು ತನಗೆ, ಎರಡು ದಿನದ್ದು. ಹಂದಿಯ ಕಿರುಚಾಟ ಇನ್ನೂ ಕಿವಿಯಲ್ಲಿತ್ತು.

ಜೂನ್ ಎರಡನೆಯ ವಾರ, ಬೆಳಿಗ್ಗೆ ಆರೂಕಾಲಿಗೆ ಹಿಂಡು ಬಂತು, ಈ ಸಲವೂ ಹದಿನಾಲ್ಕು. ಮೊದಲೆರಡು ದಿನ ಗೂಟದ ಆಚೆಯೇ ಮೇಯ್ದು ಹೋಯಿತು. ಅರ್ಧ ಎಕರೆ ಹೋಯಿತು. ಅವರು ನೋಡುತ್ತ ಕೂತರು. ಮೂರನೆಯ ದಿನ ಒಂದು ಹಂದಿ ಗೂಟ ದಾಟಿ ಬಂದು ಅಡ್ಡ ನಿಂತಿತು. ಒಂದು ಗುಂಡು. ಹಂದಿ ನಿಂತಲ್ಲೇ ಕುಸಿಯಿತು, ಕಾಲು ಎರಡು ಸಲ ಆಡಿತು, ಮುಗಿಯಿತು. ಉಳಿದವು ಹಳ್ಳಕ್ಕೆ ಓಡಿದವು. ಅವರು ಎರಡನೆಯ ಗುಂಡು ಹೊಡೆಯಲಿಲ್ಲ. ಭುಜ ಹಿಡಿದುಕೊಂಡು ಕೂತರು.

ಫೋನ್ ಬಂತು. ವೈಷ್ಣವಿ.

“ಅಪ್ಪಾ, ವಾಸ್ ದಟ್ ಯೂ?”

“ಹೌದವ್ವ. ನಾನಽ.”

ಅವರು ಇಳಿದು ಬಂದು, ಮಾಂಸ ತಿನ್ನುವ ಪಕ್ಕದವನಿಗೆ ಹಂದಿ ಒಯ್ಯಲು ಹೇಳಿ, ತಲೆಗೆ ನೀರು ಹಾಕಿಕೊಂಡು ಲ್ಯಾಬಿಗೆ ಡ್ರೈವ್ ಮಾಡಿದರು.

ಶನಿವಾರ ಬೆಳಿಗ್ಗೆ ಲ್ಯಾಬಿನಲ್ಲಿ ಹಳತಾಗಿ ಬಿಸಾಡಿದ ಒಂದು ಹಿತ್ತಾಳೆ ಜರಡಿ ಹಿಡಿದು ಹೊಲಕ್ಕೆ ಹೋದರು. ರಕ್ತದ ಕಲೆಯಿಂದ ಅಟ್ಟಣೆಗೆ ದಾರ ಹಿಡಿದು, ಅದೇ ಗೆರೆಯನ್ನು ಹಿಂದಕ್ಕೆ ಎಳೆದು, ಮಣ್ಣು ಅಗೆಯುತ್ತ ಬಂದರು. ಹೆಂಟೆ ಒಡೆದು ಜರಡಿಗೆ ಹಾಕಿದರು, ಅಲುಗಿಸಿದರು, ಚೆಲ್ಲಿದರು. ಕೆಲಸವೆಲ್ಲ ಎಡಗೈಯದು. ಬಿಸಿಲೇರಿತು. ಸುಮಿತ್ರವ್ವ ನೀರು ತಂದುಕೊಟ್ಟು, ಬಿಡ್ರಿ ಸಾಕು ಎಂದು ಎರಡು ಸಲ ಹೇಳಿದರು. ಹನ್ನೊಂದರ ಹೊತ್ತಿಗೆ, ನೆಲದಿಂದ ಒಂದು ಗೇಣು ಕೆಳಗಿನ ಮಣ್ಣಿನಲ್ಲಿ, ಜರಡಿಯ ಮೇಲೆ ಏನೋ ಖಣ್ ಎಂದಿತು.

ವೈಷ್ಣವಿಯ ಅಡುಗೆಮನೆಯ ಕಟ್ಟೆಯ ಮೇಲೆ ಅವರು ಅದನ್ನು ಇಟ್ಟರು. ತಾಮ್ರದ ಸಿಪ್ಪೆ ಹೂವಿನಂತೆ ಹಿಂದಕ್ಕೆ ಮಡಚಿಕೊಂಡು, ನಡುವೆ ಸೀಸ ಕಾಣುತ್ತಿತ್ತು. ಸಂದುಗಳಲ್ಲಿ ಕಪ್ಪು ಮಣ್ಣು.

“ನೀ ಕೇಳಿದ್ದಿ ಅಲ್ಲಾ, ಎಲ್ಲಿಗಿ ಹೋಗ್ತೈತಿ ಅಂತ. ಇಲ್ಲೇ ಇತ್ತು ನೋಡು. ಒಂದ್ ಗೇಣು ಕೆಳಗ.”

ಅವಳು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಎಷ್ಟು ಹಂದಿ ಉಳಿದಿವೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹದಿಮೂರು ಎಂದರು. ಹಾಗಾದರೆ ಹೊಡೆದ ಒಂದೊಂದು ಗುಂಡನ್ನೂ ಹೀಗೆ ತಂದು ತೋರಿಸಬೇಕು, ತೋರಿಸುವವರೆಗೆ ಬಾಗಿಲು ಹಾಕಿಯೇ ಇರುತ್ತದೆ ಎಂದಳು. ಅವರು ಕಿಟಕಿಯಾಚೆ ತಮ್ಮ ಹೊಲದ ಕಡೆ ನೋಡಿ, ಆಯ್ತವ್ವ ಎಂದರು.

ಅವಳು ಹಿತ್ತಿಲ ಬಾಗಿಲಿನ ಮೇಲಿನ ಚಿಲಕ ತೆಗೆದಳು. ಮಗು ಒಂದು ಪ್ಲಾಸ್ಟಿಕ್ ಬಕೆಟ್ ಹಿಡಿದು ಹೊರಗೆ ಹೋಯಿತು. ಅಪ್ಪನ ಭುಜ ಊದಿದ್ದನ್ನು ಆಗಲೇ ಗಮನಿಸಿದ್ದ ವೈಷ್ಣವಿ ಫ್ರೀಜರಿನಿಂದ ಬಟಾಣಿಯ ಪೊಟ್ಟಣ ತೆಗೆದು, ಬಟ್ಟೆಯಲ್ಲಿ ಸುತ್ತಿ, ಅದರ ಮೇಲಿಟ್ಟಳು. ಜರಡಿ ಕಾರಿನ ಡಿಕ್ಕಿಯಲ್ಲೇ ಇತ್ತು. ಅದನ್ನು ಅಲ್ಲಿಂದ ತೆಗೆಯುವುದು ಬೇಡ ಎಂದು ಅವರು ಆಗಲೇ ತೀರ್ಮಾನಿಸಿದ್ದರು.