ತಂತಿಯ ಮೇಲಿನ ಒದ್ದೆ ಪಂಚೆ

ನನ್ನ ಅತ್ತೆಯ ಮಡಿಯನ್ನು ಕೆಡಿಸಿದವನು ನಾನು. ಒಂದು ದಿನವಲ್ಲ — ಎರಡು ವರ್ಷಕ್ಕೂ ಮೇಲೆ, ದಿನಾ ಬೆಳಿಗ್ಗೆ, ಅವಳು ಕೇಳಿದಾಗಲೆಲ್ಲ ಸುಳ್ಳು ಹೇಳಿ. ಅವಳು ಈಗ ಇಲ್ಲ. ಅವಳಿದ್ದಾಗ ಬಾಯಿಬಿಟ್ಟು ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಚಿತ್ತವಾಡ್ಗಿಯ ನಮ್ಮ ಮನೆಗೆ ಬಂದವಳು. ತಾಯಿಯಿಲ್ಲದ ನನ್ನನ್ನು ಸಾಕಿದವಳೂ ಅವಳೇ. ನಾನು ಮದುವೆಯಾಗಲಿಲ್ಲ; ಅಪ್ಪ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಅವಳದು ದಿನಕ್ಕೊಂದೇ ಊಟ. ಮಿಂದು, ಮಡಿಯುಟ್ಟು, ಹಿತ್ತಲ ಬಾವಿಯಿಂದ ತಾನೇ ಸೇದಿದ ನೀರಿನಲ್ಲಿ ಬೇಯಿಸಿದ್ದನ್ನಷ್ಟೇ ಉಣ್ಣುತ್ತಿದ್ದಳು. ಇಡೀ ಜೀವನದಲ್ಲಿ ಅವಳು ತನ್ನದೆಂದು ಇಟ್ಟುಕೊಂಡದ್ದು ಆ ನೇಮ ಒಂದನ್ನೇ.

ವಯಸ್ಸಾದಂತೆ ಕೈ ನಡುಗತೊಡಗಿತು. ಒಮ್ಮೆ ಗ್ಯಾಸಿನ ಉರಿಗೆ ಸೆರಗಿನ ಅಂಚು ತಾಗಿ ಸುಟ್ಟಿತು. ಆಗ ನಾನು ಸ್ಟೀಮ್ ಓವನ್ ತಂದೆ. ಕುರೆಕುಪ್ಪದಲ್ಲಿ, ನಾನು ಕೆಲಸ ಮಾಡುವ ಕಾರ್ಖಾನೆಯ ಎಂಜಿನಿಯರೊಬ್ಬರು ವರ್ಗವಾಗಿ ಮನೆ ಖಾಲಿ ಮಾಡುವಾಗ ನನಗೆ ಕೊಟ್ಟುಹೋದದ್ದು. ಉರಿಯಿಲ್ಲ. ಪಕ್ಕದ ಟ್ಯಾಂಕಿಗೆ ನೀರು ತುಂಬಿದರೆ ಅದು ಹಬೆಯಾಗಿ ಒಳಗೆ ಅನ್ನ, ಬೇಳೆ, ಪಲ್ಯ ಒಟ್ಟಿಗೇ ಬೇಯುತ್ತವೆ.

ಅತ್ತೆ ದೂರ ನಿಂತೇ ನೋಡಿದಳು.

“ಬೆಂಕೀನೇ ಇಲ್ಲಲ್ಲೋ! ಅಡಿಗಿ ಮಾಡೂದೋ, ದವಾಖಾನಿ ಪೆಟ್ಟಿಗಿನೋ ಇದು?”

“ಇಡ್ಲಿ ಹಬಿಯಾಗ ಬೇಯಂಗಿಲ್ಲೇನು, ಅತ್ಯಾ? ಹಂಗ ಇದೂ.”

“ಇಡ್ಲಿ ಪಾತ್ರಿಗೆ ನೀರು ನಾ ಹಾಕಿರ್ತೀನಿ. ಇದರ ಹೊಟ್ಟಿಗೆ ಯಾರು ಹಾಕವರು?”

ಅವಳೇ ಯೋಚಿಸಿ ಒಪ್ಪಿಕೊಂಡಳು. ಹಬೆಯೆಂದರೆ ನೀರೇ, ಆ ನೀರು ಅನ್ನವನ್ನು ಮುಟ್ಟುತ್ತದೆ. ಆದ್ದರಿಂದ ಅದು ಮಡಿನೀರೇ ಆಗಬೇಕು. ಕೊಡ ಎತ್ತುವ ಶಕ್ತಿ ಅವಳಿಗೆ ಉಳಿದಿರಲಿಲ್ಲ. ನಾನು ಮಿಂದು, ಒದ್ದೆ ಪಂಚೆ ಉಟ್ಟು, ಬಾವಿಯಿಂದ ಸೇದಿ ತುಂಬಬೇಕು. ಉಳಿದದ್ದನ್ನು ಅವಳು ಮಾಡುತ್ತಾಳೆ. ನಾನು ಹೂಂ ಎಂದೆ.

ಕೆಲವು ತಿಂಗಳು ಹಾಗೆಯೇ ನಡೆಯಿತು. ಆದರೆ ನಮ್ಮ ಬಾವಿಯದು ಗಡಸು ನೀರು. ಒಳಗೆಲ್ಲ ಬಿಳಿ ಸುಣ್ಣ ಕಟ್ಟಿ ಓವನ್ ನಿಂತುಹೋಯಿತು. ರಿಪೇರಿಯವನು ಇನ್ನು ಮೇಲೆ ಫಿಲ್ಟರ್ ನೀರನ್ನೇ ಹಾಕಿ ಎಂದ. ಇಲ್ಲಿಯವರೆಗೆ ನನ್ನ ತಪ್ಪಿಲ್ಲ. ಆ ಸಂಜೆ ಅತ್ತೆಯ ಮುಂದೆ ಕೂತು ಇದ್ದದ್ದನ್ನು ಇದ್ದಂತೆ ಹೇಳಿದ್ದರೆ —

ಹೇಳಲಿಲ್ಲ. ಹೇಳಿದರೆ ಮತ್ತೆ ಗ್ಯಾಸಿನ ಮುಂದೆ ನಿಲ್ಲುತ್ತಾಳೆ, ಸೆರಗು ಸುಟ್ಟುಕೊಳ್ಳುತ್ತಾಳೆ ಎಂದುಕೊಂಡೆ. ಅದು ಅರ್ಧ ನಿಜ. ಇನ್ನರ್ಧ, ಡ್ಯೂಟಿಗೆ ಹೋಗುವ ಅವಸರದಲ್ಲಿ ಒದ್ದೆ ಬಟ್ಟೆಯಲ್ಲಿ ನಡುಗುತ್ತ ನೀರು ಸೇದುವುದು ನನಗೆ ಬೇಸರವಾಗಿತ್ತು. ಫ್ಯಾಕ್ಟರಿಯ ಪ್ಯಾಂಟು ಹಾಕಿಕೊಂಡೇ, ಬೀದಿಗೆ ಫಿಲ್ಟರ್ ನೀರು ತರುವ ಗಾಡಿಯವನ ಕ್ಯಾನಿನಿಂದ ಟ್ಯಾಂಕಿಗೆ ನೀರು ಸುರಿದೆ.

ದೇವರ ಕೋಣೆಯಿಂದ ಅವಳ ದನಿ ಬಂತು. “ಮಡಿನೀರೇನೋ, ಪಾಂಡು?”

“ಹೂಂ, ಅತ್ಯಾ.”

ಸುಳ್ಳು ಅಷ್ಟಕ್ಕೇ ನಿಂತಿದ್ದರೂ — ಇಲ್ಲ, ನಿಲ್ಲಲಿಲ್ಲ. ಅವಳು ಹೊರಗೆ ಬಂದರೆ ಕಾಣಲಿ ಎಂದು ದಿನಾ ನಲ್ಲಿಯ ಕೆಳಗೆ ಪಂಚೆ ತೋಯಿಸಿ, ಹಿಂಡದೆ, ಹಿತ್ತಲ ತಂತಿಯ ಮೇಲೆ ಹಾಕುತ್ತಿದ್ದೆ. ಅದು ತೊಟ್ಟಿಕ್ಕುತ್ತಿರುವಾಗಲೇ ಬಸ್ಸಿಗೆ ಹೊರಡುತ್ತಿದ್ದೆ. ಮೊದಲು ಟ್ಯಾಂಕಿಗಷ್ಟೇ ಇದ್ದ ಕ್ಯಾನಿನ ನೀರು ಆಮೇಲೆ ಅವಳು ಕುಡಿಯುವ ತಾಮ್ರದ ಬಿಂದಿಗೆಗೂ ಹೋಯಿತು. ಸುಳ್ಳಿಗೆ ಪಟ್ಟ ಶ್ರಮದಲ್ಲಿ ಎರಡು ಕೊಡ ನಿಜವಾಗಿಯೇ ಸೇದಬಹುದಿತ್ತೋ ಏನೋ.

ಅತ್ತೆಗೆ ಓವನ್ ಮೇಲೆ ಪ್ರೀತಿ ಹುಟ್ಟಿತು. ಏಕಾದಶಿಯ ಉಪವಾಸ ಮುಗಿದ ಮರುದಿನ, ದ್ವಾದಶಿಯ ಊಟಕ್ಕೆ ಅವಳಿಗೆ ನೆಲ್ಲಿಕಾಯಿ ಬೇಕು. ಅದು ವರ್ಷವಿಡೀ ಸಿಗುವುದಿಲ್ಲ. ಕಾರ್ತಿಕದಲ್ಲಿ ನೆಲ್ಲಿಕಾಯಿಯನ್ನು ಉಪ್ಪುನೀರಿನ ಗಾಜಿನ ಬಾಟಲಿಗಳಿಗೆ ತುಂಬಿ, ಮುಚ್ಚಳ ಹಾಕಿ, ಹಬೆಯಲ್ಲಿ ಬೇಯಿಸಿಡಲು ಕಲಿತಳು. ಬಾಟಲಿಗಳು ಆರುವಾಗ ಮುಚ್ಚಳದ ನಡುಭಾಗ ಟಕ್ಕೆಂದು ಒಳಗೆ ಇಳಿಯುತ್ತದೆ. ಆ ಸದ್ದಿಗಾಗಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದಳು.

“ಈ ಮನ್ಯಾಗ ಹೇಳಿದ ಕೂಡ್ಲೆ ಬಾಯಿ ಮುಚ್ಚಿಕೊಳ್ಳೋದು ಇದೊಂದೇ ನೋಡೋ!” ಎಂದು ನಗುತ್ತಿದ್ದಳು.

ನಾನೂ ನಗುತ್ತಿದ್ದೆ. ಆ ಉಪ್ಪುನೀರೂ ಕ್ಯಾನಿನದೇ ಆಗಿತ್ತು.

ಒಂದು ದಿನ ಎದ್ದದ್ದು ತಡವಾಯಿತು. ಪಂಚೆ ತೋಯಿಸುವುದನ್ನು ಮರೆತೆ. ಟ್ಯಾಂಕು ತುಂಬಿ, ಎಂದಿನಂತೆ ಹೂಂ ಎಂದು ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ತಂತಿಯ ಮೇಲೆ ಹಿಂದಿನ ದಿನದ ಪಂಚೆ ಗಾಳಿಗೆ ಹಾರುತ್ತಿತ್ತು.

“ಪಂಚಿ ಇಷ್ಟು ಜಲ್ದಿ ಒಣಗಿತೇನೋ?”

“ಭಾಳ ಬಿಸಿಲಲ್ಲ, ಅತ್ಯಾ.”

ಆಗಿನ್ನೂ ಸೂರ್ಯ ಹುಟ್ಟುತ್ತಿದ್ದ.

ಮರುದಿನದಿಂದ “ಮಡಿನೀರೇನೋ” ಎಂದು ಕೇಳಲಿಲ್ಲ. ಊಟ ಸೇರುತ್ತಿಲ್ಲ, ಹಾಲು ಹಣ್ಣು ಸಾಕು ಎಂದಳು. ಕಮಲಾಪುರದ ಕಡೆಯ ಬಾಳೆಹಣ್ಣು ತಂದುಕೊಟ್ಟರೆ ಎರಡು ತಿನ್ನುತ್ತಿದ್ದಳು. ವಯಸ್ಸು ಎಂದುಕೊಂಡೆ. ಡಾಕ್ಟರೂ ವಯಸ್ಸು ಎಂದರು. ಹಾಲಿಗೆ, ಹಣ್ಣಿಗೆ ಮೈಲಿಗೆಯಿಲ್ಲ ಎಂಬುದು ನನಗೆ ಗೊತ್ತಿತ್ತು, ಗೊತ್ತಿದ್ದೂ ಅದನ್ನೂ ಪಂಚೆಯ ಆ ದಿನವನ್ನೂ ಕೂಡಿಸಿ ನೋಡಲಿಲ್ಲ — ನೋಡಲು ಹೆದರಿದೆ. ನನ್ನ ಮೇಲೆ ಒಂದು ಕಟುಮಾತಿಲ್ಲದೆ ದಿನದಿಂದ ದಿನಕ್ಕೆ ಸಣ್ಣಗಾದಳು. ಮಳೆಗಾಲ ಮುಗಿಯುವ ಮೊದಲೇ ಹೋದಳು. ಅವಳಿಗೆ ತಿಳಿದಿತ್ತೇ? ನಿಜವಾಗಿಯೇ ಹಸಿವಿರಲಿಲ್ಲವೇ? ಇದಕ್ಕೆ ಉತ್ತರ ಕೊಡಬಲ್ಲವಳು ಅವಳೊಬ್ಬಳೇ.

ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಚಿಕ್ಕತ್ತೆ, ಕಂಪ್ಲಿಯಲ್ಲಿರುವ ಅತ್ತೆಯ ತಂಗಿ, ಅಡುಗೆಮನೆಯ ಕಪಾಟು ತೆರೆದರು. ಅವರದೂ ಅಂಥದೇ ನೇಮ. ನೆಲ್ಲಿಕಾಯಿಯ ಬಾಟಲಿಗಳನ್ನು ಎದೆಗೊತ್ತಿಕೊಂಡು ಅತ್ತರು. “ಅಕ್ಕನ ಮಡಿ ಕೈದು. ದ್ವಾದಶಿಗೆ ಉಣ್ತೀನಿ” ಎಂದು ಚೀಲದಲ್ಲಿ ಇಟ್ಟುಕೊಂಡರು. ನಾನು ಅಲ್ಲೇ ನಿಂತಿದ್ದೆ. ಆಟೋದವರೆಗೆ ಚೀಲ ಹೊತ್ತವನೂ ನಾನೇ.

ಏಕಾದಶಿಯ ದಿನ ತಡೆಯಲಾಗದೆ ಕಂಪ್ಲಿಯ ಬಸ್ಸು ಹತ್ತಿದೆ. ಎಲ್ಲವನ್ನೂ ಹೇಳಿದೆ — ಕ್ಯಾನು, ಪಂಚೆ, ಬಿಸಿಲಿನ ಮಾತು. ಚಿಕ್ಕತ್ತೆ ಕೈಲಿದ್ದ ಜಪಮಾಲೆಯನ್ನು ಕೆಳಗಿಟ್ಟರು.

“ಅಕ್ಕಗ ಯಾಕ ಹೇಳಲಿಲ್ಲೋ?”

“ಬ್ಯಾಸರಕ್ಕ, ಚಿಕ್ಕತ್ಯಾ. ಆಮ್ಯಾಲ ಹೆದರಿಕಿಗೆ.”

“ಹೇಳಿದ್ರ ಆಕಿ ಉಣ್ತಿದ್ಲೋ, ಬಿಡ್ತಿದ್ಲೋ, ಆಕಿ ನೋಡ್ಕೋತಿದ್ಲು. ಆಕಿ ಬದಲಿ ನೋಡ್ಕೊಳ್ಳಿಕ್ಕೆ ನೀ ಯಾರು?”

ಬಾಟಲಿಗಳನ್ನು ಅವರು ಮುಟ್ಟಲಿಲ್ಲ. ನಾನೇ ಎತ್ತಿ ಚೀಲಕ್ಕೆ ಹಾಕಿಕೊಂಡೆ. ಹೊಸಿಲು ದಾಟುವಾಗ ಹಿಂದಿನಿಂದ ಅಂದರು: “ಅಕ್ಕನ ಮಾಸಿಕ ಶ್ರಾದ್ಧಕ್ಕ ಬರ್ತೀನಿ. ಅಡಿಗಿ ನಾ ಮಾಡ್ತೀನಿ. ನೀರು ನೀನೇ ಸೇದು. ಬಾವಿಕಟ್ಟಿ ಮ್ಯಾಲ ಕೂತು ನೋಡ್ತೀನಿ.”

ನೋಡಲಿ. ನನ್ನ ಮಾತನ್ನು ಇನ್ನು ಯಾರೂ ಹಾಗೆಯೇ ನಂಬಬೇಕಾಗಿಲ್ಲ. ದೇವರ ಕೋಣೆಯಿಂದ ಬಾವಿ ಕೂಗಳತೆಯಷ್ಟೂ ದೂರವಿಲ್ಲ. ಅಲ್ಲಿ ಕುಳಿತು ಅತ್ತೆ ದಿನಾ ಕೇಳುತ್ತಿದ್ದಳು. ನನ್ನ ಹೂಂ ಒಂದನ್ನೇ ನಂಬಿ, ನಾನು ನೀರು ಸೇದುವುದನ್ನು ಒಂದು ದಿನವೂ ಎದ್ದು ಬಂದು ನೋಡಲಿಲ್ಲ.